ತೊರೆ ತಡೆದಿಟ್ಟದ್ದು

ಶರಣ್ಯ ತೀರಿಕೊಂಡ ಹದಿನೈದನೆಯ ದಿನ ಸಂಕರ್ಷಣ ಮಲ್ಲೇಶ್ವರಕ್ಕೆ, ಅವಳ ತಾಯಿ ಶೈಲಜಮ್ಮನ ಮನೆಗೆ ಹೋದರು. ಸಂಕರ್ಷಣ ಬಸವನಗುಡಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಶರಣ್ಯ ಅವರ ವಿದ್ಯಾರ್ಥಿನಿ.

ಉದುರಿದ ಎಲೆ, ಕಟ್ಟಿಗೆಗಳನ್ನು ಬೆಟ್ಟದ ತೊರೆ ಎಲ್ಲಿ, ಎಷ್ಟು ದಿನ ತಡೆದಿಡುತ್ತದೆ ಎಂಬುದು ಅವರಿಬ್ಬರ ಅಧ್ಯಯನ. ಸಕಲೇಶಪುರದಾಚೆಯ ತೊರೆಯೊಂದರಲ್ಲಿ ಎರಡು ವರ್ಷ ಎಲೆಗಳಿಗೆ ಬಣ್ಣ ಹಚ್ಚಿ ತೇಲಿಬಿಟ್ಟಿದ್ದರು. ನೀರು ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ ಅನಿಸುತ್ತದೆ, ಹಾಗಲ್ಲ. ನೂರು ಎಲೆ ಬಿಟ್ಟರೆ ತೊಂಬತ್ತರಷ್ಟು ಐವತ್ತು ಮೀಟರ್ ದಾಟದೆ ನಿಂತುಬಿಡುತ್ತಿದ್ದವು. ಹೆಚ್ಚಿನವು ಅಡ್ಡ ಬಿದ್ದ ಹಳೆಯ ಮರವೊಂದರ ಹಿಂದೆ, ಅದರ ಕೊಂಬೆಗಳ ಸಂದಿಯಲ್ಲಿ.

ಅನಾಹುತವಾದ ಆ ಮಧ್ಯಾಹ್ನ ಶರಣ್ಯ ಎಲೆ ಎಣಿಸಲು ನೀರಿಗಿಳಿದಿದ್ದಳು. ಮೇಲೆ ಬೆಟ್ಟದಲ್ಲಿ ಮಳೆಯಾಗಿತ್ತು. ನೀರು ಒಮ್ಮೆಲೇ ಏರಿತು. ದಡದಲ್ಲಿದ್ದ ಸಂಕರ್ಷಣ ಕೂಗುವಷ್ಟರಲ್ಲಿ ಅವಳು ಕಾಣೆಯಾಗಿದ್ದಳು.

ಬಿದ್ದ ಮರ ನೀರಿನಲ್ಲಿ ಮುಳುಗಿಹೋಗಿತ್ತು. ಪೊಲೀಸರು, ಊರವರು ಎರಡು ದಿನ ಕೆಳಗಿನ ಸೇತುವೆಯವರೆಗೂ ಹುಡುಕಿದರು. ಬೆಂಗಳೂರಿನಿಂದ ಓಡಿಬಂದ ಶೈಲಜಮ್ಮ, "ಯಾವ್ದಾದ್ರೂ ಬಂಡೆ ಹಿಡ್ಕೊಂಡಿರ್ತಾಳೆ, ಈಜು ಬರುತ್ತೆ ಅವಳಿಗೆ" ಎನ್ನುತ್ತಿದ್ದರು. ಸಂಕರ್ಷಣ ಹೌದೆಂಬಂತೆ ತಲೆಯಾಡಿಸುತ್ತಿದ್ದರು. ಮೂರನೆಯ ಬೆಳಿಗ್ಗೆ ಪೊಲೀಸರನ್ನು ಪಕ್ಕಕ್ಕೆ ಕರೆದು, "ಆ ಮರದ ಹಿಂದೆ ನೋಡಿ" ಎಂದರು. ಅಲ್ಲೇ ಇದ್ದಳು. ಅವಳ ಮೇಲೆ ಗೇಣು ದಪ್ಪ ಎಲೆ ಕೂತಿತ್ತು.

ಈಗ ಶೈಲಜಮ್ಮ ಕಾಫಿ ತಂದಿಟ್ಟು ಎದುರು ಕೂತರು.

"ಮೇಷ್ಟ್ರೇ, ಅವಳು ಅಲ್ಲಿರ್ತಾಳೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ದಿನಾನೇ."

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹೋಗ್ಬಿಟ್ಟಿದಾಳೆ ಅಂತ ನಾನೇ ಹೇಳಿದ ಹಾಗಾಗ್ತಿತ್ತು. ನೀವು ಕಾಯ್ತಾ ಇದ್ರಿ. ಬಾಯೇ ಬರ್ಲಿಲ್ಲಮ್ಮ."

ಶೈಲಜಮ್ಮ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಎರಡು ದಿನ ನನ್ನ ಮಗೂನ ನೀರಲ್ಲಿ ಬಿಟ್ರಿ. ಮುಖ ಬಿಚ್ಚಿ ತೋರಿಸ್ಲೇ ಇಲ್ಲ ನಂಗೆ, ನೋಡೋ ಹಾಗಿಲ್ಲ ಅಂದ್ರು. ಮೊದಲನೇ ದಿನ ಸಿಕ್ಕಿದ್ರೆ ನೋಡ್ತಿದ್ದೆ."

ಅವರ ದನಿ ಏರಲಿಲ್ಲ. ಸಂಕರ್ಷಣ ಏನೋ ಹೇಳಹೊರಟರು. ಶೈಲಜಮ್ಮ ಕೈ ಅಡ್ಡ ಮಾಡಿದರು.

"ಹೊರಡಿ. ಇನ್ನು ಬರ್ಬೇಡಿ."

ಸಂಪಿಗೆ ರಸ್ತೆಗೆ ಬಂದ ಸಂಕರ್ಷಣ ಮೆಟ್ರೋ ಹತ್ತದೆ ಬಸವನಗುಡಿಯವರೆಗೂ ನಡೆದರು. ಮರುದಿನ ರಾಜೀನಾಮೆ ಕೊಟ್ಟರು. "ನೀರು ಏರಿದ್ದು ನಿಮ್ಮ ತಪ್ಪಲ್ಲ ಸಾರ್" ಎಂದು ಪ್ರಿನ್ಸಿಪಾಲರು ಎಷ್ಟೋ ಸಮಾಧಾನ ಹೇಳಿದರು. ತಪ್ಪು ಅದಲ್ಲವೆಂದು ಬಿಡಿಸಿ ಹೇಳುವ ಶಕ್ತಿ ಸಂಕರ್ಷಣರಲ್ಲಿ ಉಳಿದಿರಲಿಲ್ಲ.