ಕೆಳಗೆ ಏನೂ ಇಲ್ಲದ ಮನೆ

"ಸಾಕು, ಈಚೆ ಬಾ. ಸಿಕ್ಕಿಹಾಕ್ಕೊಂಡ್ರೆ ಎಳೆಯೋಕೆ ಟ್ರ್ಯಾಕ್ಟರ್ ತರಿಸ್ಬೇಕಾಗುತ್ತೆ" ಎಂದಳು ಲೋರ್ನಾ. ಅವಳ ಗಂಡ ಡ್ವೇನ್ ಗೋಡೆಯ ಬುಡದಲ್ಲಿದ್ದ ಪುಟ್ಟ ಬಾಗಿಲಿನಿಂದ ಸೊಂಟದವರೆಗೆ ಮನೆಯ ಕೆಳಕ್ಕೆ ತೂರಿಬಿಟ್ಟಿದ್ದ.

ಅದು ಕ್ರಾಲ್ ಸ್ಪೇಸ್, ಅಂದರೆ ಮನೆಯ ಮರದ ನೆಲಕ್ಕೂ ಕೆಳಗಿನ ಮಣ್ಣಿಗೂ ನಡುವಿನ ಸಂದು. ಹೊಟ್ಟೆಯ ಮೇಲೆ ತೆವಳಬೇಕು, ಎದ್ದು ಕೂರಲು ಹೋದರೆ ತೊಲೆ ತಲೆಗೆ ಬಡಿಯುತ್ತದೆ. ನೀರಿನ ಕೊಳವೆ, ಜೇಡರ ಬಲೆ, ಮಣ್ಣಿಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆ ಬಿಟ್ಟರೆ ಅಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ. ಅರವತ್ತು ದಾಟಿದ, ಒಳ್ಳೆಯ ಹೊಟ್ಟೆ ಬೆಳೆಸಿದ ಮನುಷ್ಯ ಅಲ್ಲಿಗೆ ನುಗ್ಗಬೇಕಾದ ಅಗತ್ಯವೂ ಇರಲಿಲ್ಲ. ಆದರೆ ಈ ಮನೆಯಲ್ಲಿ ಏನಾದರೊಂದು ಕುಂದು ಹುಡುಕಿಯೇ ತೀರುತ್ತೇನೆಂದು ಡ್ವೇನ್ ಬೆಳಿಗ್ಗೆಯೇ ಹಟ ತೊಟ್ಟಿದ್ದ.

"ಎಲ್ಲಾ ಒದ್ದೆ" ಎಂದ, ಹೊರಬಂದು ಏದುಸಿರು ಬಿಡುತ್ತ. "ಇಲಿ ಹಿಕ್ಕೆ ಬೇರೆ."

ಲೋರ್ನಾ ಅವನ ಅಂಗಿಯ ಮೇಲೆ ಒಂದು ಏಟು ಕೊಟ್ಟಳು. ಧೂಳು ಎದ್ದಿತು. "ಒದ್ದೆಯಂತೆ! ಎಲ್ಲಪ್ಪಾ ಒದ್ದೆ?"

ಮನೆ ತೋರಿಸಲು ಬಂದಿದ್ದ ಟ್ರೇಸಿ ನಗು ತಡೆದುಕೊಂಡಳು. "ಎರಡೂ ಒಳ್ಳೇ ಮನೆಗಳೇ. ಆಗ ನೋಡಿದ್ರಲ್ಲ, ಆ ಮಿಲ್ ಸ್ಟ್ರೀಟಿನ ಮನೆಗೆ ನೆಲಮಾಳಿಗೆ ಇದೆ, ಇದಕ್ಕಿಲ್ಲ, ಅಷ್ಟೇ ವ್ಯತ್ಯಾಸ. ಸಾಯಂಕಾಲದೊಳಗೆ ಯಾವ್ದು ಅಂತ ಹೇಳ್ಬಿಡಿ. ಎರಡಕ್ಕೂ ಬೇರೆಯವರು ಕಾಯ್ತಿದಾರೆ."

"ಸುಂಟರಗಾಳಿ ಬಂದ್ರೆ ಎಲ್ಲಿಗೆ ಓಡೋದು? ಇಂಡಿಯಾನಾದಲ್ಲಿ ನೆಲಮಾಳಿಗೆ ಇಲ್ಲದ ಮನೆ ತಗೊಳ್ಳೋನು ಪೆದ್ದ" ಎಂದ ಡ್ವೇನ್.

"ನೀನು ಯಾವತ್ತು ಓಡಿದ್ದೆ? ಸೈರನ್ ಕೂಗಿದಾಗಲೆಲ್ಲ ಬಿಯರ್ ಹಿಡ್ಕೊಂಡು ಅಂಗಳಕ್ಕೆ ಹೋಗಿ ಮೋಡ ನೋಡ್ತಾ ನಿಲ್ತಿದ್ದೆ. ನನಗೆ ಮೆಟ್ಟಿಲು ಆಗಲ್ಲ. ಮಂಡಿ ನೋವು."

"ನೀನು ಇಳಿಯೋದೇ ಬೇಡ. ಬಟ್ಟೆ ಒಗೆಯೋ ಮೆಷಿನ್ನೂ ಮೇಲ್ಗಡೆನೇ ಇಡ್ತೀನಿ ಅಂತ ಹೇಳಿದ್ನಲ್ಲ!"

ಜಗಳ ಬಿಡಿಸುವ ಒಳ್ಳೆಯ ಮನಸ್ಸಿನಿಂದ ಟ್ರೇಸಿ ನಡುವೆ ಬಾಯಿ ಹಾಕಿದಳು. "ಅಲ್ಲಿ ನೆಲಮಾಳಿಗೆಗೆ ಹೊರಗಿಂದಲೇ ಒಂದು ಬಾಗಿಲಿದೆ ಲೋರ್ನಾ ಅವರೇ. ದೊಡ್ಡ ಮಕ್ಕಳಿರೋರಿಗೆ ತುಂಬಾ ಅನುಕೂಲ. ಅವರ ಪಾಡಿಗೆ ಅವರು ಬರ್ತಾರೆ, ಹೋಗ್ತಾರೆ, ನಿಮಗೆ ಗೊತ್ತೂ ಆಗಲ್ಲ."

ಡ್ವೇನ್ ಮೊಣಕಾಲಿನ ಮಣ್ಣು ಕೊಡವತೊಡಗಿದ, ಲೋರ್ನಾ ರಸ್ತೆಯತ್ತ ತಿರುಗಿಕೊಂಡಳು. ಏನೋ ಎಡವಟ್ಟಾಯಿತೆಂದು ಟ್ರೇಸಿಗೆ ತಿಳಿಯಿತು; ಏನೆಂದು ತಿಳಿಯಲಿಲ್ಲ. ಒಂದು ಫೋನ್ ಮಾಡಬೇಕು, ನೀವು ಒಳಗೆ ಇನ್ನೊಮ್ಮೆ ನೋಡುತ್ತಿರಿ ಎಂದು ಹೇಳಿ ಕಾರಿನ ಕಡೆ ಹೋದಳು.

ಅವರಿಗಿದ್ದದ್ದು ಒಬ್ಬನೇ ಮಗ, ಬ್ರೆಟ್. ಗೋದಾಮಿನ ಕೆಲಸದಲ್ಲಿ ಬೆನ್ನಿಗೆ ಪೆಟ್ಟು ಮಾಡಿಕೊಂಡವನು ನೋವಿನ ಮಾತ್ರೆಗಳಿಗೆ ಅಂಟಿದ. ಮಾತ್ರೆ ಸಿಗದಾದಾಗ ಅದಕ್ಕಿಂತ ಕೆಟ್ಟ ಅಮಲಿಗೆ ಅಂಟಿದ. ಹಳೆಯ ಮನೆಯ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಬಿದ್ದುಕೊಂಡಿದ್ದವನು ಈಗ ನದಿಯಾಚೆಯ ಊರಿನ ಚಿಕಿತ್ಸಾ ಕೇಂದ್ರದಲ್ಲಿದ್ದ. ಮುಂದಿನ ತಿಂಗಳು ಬಿಡುತ್ತಾರೆ. ಹಳೆಯ ಮನೆಯನ್ನು ಮಾರಿಯಾಗಿತ್ತು. ಮಾರೋಣವೆಂದು ಹಿಡಿದ ಪಟ್ಟು ಬಿಡದಿದ್ದವಳು ಲೋರ್ನಾಳೇ.

ಖಾಲಿ ಹಜಾರದಲ್ಲಿ ಡ್ವೇನ್ ಕಿಟಕಿಯ ಹತ್ತಿರ ನಿಂತು, ಅವಳತ್ತ ನೋಡದೆ ಹೇಳಿದ: "ಭಾನುವಾರ ಫೋನಲ್ಲಿ ಅವನಿಗೆ ಮಾತು ಕೊಟ್ಬಿಟ್ಟೆ."

"ಏನಂತ?"

"ಕೆಳಗಿನ ರೂಮು ನಿಂದೇ ಅಂತ. ನೀನು ಬರೋಷ್ಟರಲ್ಲಿ ಬಣ್ಣ ಹೊಡೆದಿಟ್ಟಿರ್ತೀನಿ ಅಂತ. ಅತ್ತ ಕಣೇ. ಬರೀ ಬಣ್ಣ ಹೊಡೀತೀನಿ ಅಂದಿದ್ದಕ್ಕೆ ಅತ್ತ."

ಡ್ವೇನ್ ದಡ್ಡನಲ್ಲ. ಮಗನ ದನಿ ಕೇಳಿದರೆ ಮಾತ್ರ ಅವನ ಬಾಯಿಗೆ ಬೀಗವಿರುವುದಿಲ್ಲ. ಲೋರ್ನಾ ಅಡ್ಡಡ್ಡ ತಲೆಯಾಡಿಸಿದ್ದನ್ನು ಕಂಡು ಅವನಿಗೆ ರೇಗಿತು. ರೇಗಿದಾಗ, ಬೆಳಗಿನಿಂದ ನುಂಗಿಕೊಂಡಿದ್ದದ್ದು ಹೊರಬಂತು.

"ನಿಂಗೆ ಅವನು ಬರೋದೇ ಬೇಡ. ಅದಕ್ಕೇ ಈ ಮನೆ. ಮಂಡಿ ಗಿಂಡಿ ಎಲ್ಲಾ ನೆಪ."

"ಹೌದು, ನೆಪ" ಎಂದಳು ಲೋರ್ನಾ. ಅವಳ ದನಿ ಏರಲಿಲ್ಲ. "ನೀನು ಕತ್ತಲಲ್ಲೇ ಎದ್ದು ಹಾಲಿನ ಲಾರಿ ಹತ್ತಿ ಹೋಗ್ತಿದ್ದೆ. ಬೆಳಗ್ಗೆ ಕೆಳಗೆ ಇಳೀತಿದ್ದೋಳು ನಾನು. ಮೊದಲು ಮೇಲೇ ನಿಂತು ಕೂಗ್ತಿದ್ದೆ, ಕಾಫಿ ಬೇಕೇನೋ ಅಂತ. ಹ್ಞೂಂ ಅಂದ್ರೆ ಸರಿ. ಅನ್ನದೇ ಇದ್ರೆ ಇಳೀಬೇಕಲ್ಲ? ಇವತ್ತು ಹೋಗ್ಬಿಟ್ಟಿರ್ತಾನೆ, ಇವತ್ತು ಹೋಗ್ಬಿಟ್ಟಿರ್ತಾನೆ ಅನ್ಕೊಂಡೇ ಒಂದೊಂದು ಮೆಟ್ಟಿಲೂ ಇಳೀತಿದ್ದೆ."

"ನಂಗೆ ಹೇಳಲೇ ಇಲ್ವಲ್ಲೇ ನೀನು."

"ಏನಂತ ಹೇಳ್ಲಿ? ಇವತ್ತು ಬದುಕಿದಾನೆ ಅಂತಲಾ? ಜಾಸ್ತಿ ತಗೊಂಡು, ಉಸಿರು ಕಟ್ಟಿ ತುಟಿ ನೀಲಿಯಾಗಿತ್ತಲ್ಲ, ಆ ಒಂದು ದಿನ ನಿಂಗೆ ಗೊತ್ತು. ಮಿಕ್ಕ ದಿನಗಳು ಗೊತ್ತಿಲ್ಲ."

ಡ್ವೇನ್ ಅಂಗೈಯಿಂದ ಮುಖ ಒರೆಸಿಕೊಂಡ. ತನ್ನ ಮನೆಯಲ್ಲೇ ನಡೆದದ್ದು ತನಗೆ ಗೊತ್ತಾಗಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು, ಭಯವೂ ಆಯಿತು.

"ಹಾಗಾದ್ರೆ ಅವನು ಎಲ್ಲಿಗೆ ಹೋಗ್ಬೇಕು?"

"ಎಲ್ಲಿಗೂ ಹೋಗೋದು ಬೇಡ. ಇಲ್ಲಿಗೇ ಬರ್ಲಿ, ಈ ಹಜಾರಕ್ಕೆ. ಸೋಫಾ ಹಾಕೋಣ, ಅದರ ಮೇಲೆ ಮಲಗ್ಲಿ. ಕೆಳಗೆ ಜಾಗವೇ ಇಲ್ಲ ಅಂತ ಹೇಳು ಅವನಿಗೆ."

"ಮೀಸೆ ಬಂದ ಗಂಡಸು, ಅಪ್ಪ ಅಮ್ಮನ ಕಣ್ಣೆದುರು ಸೋಫಾದಲ್ಲಿ... ಒಪ್ಪಲ್ಲ ಅವನು ಲೋರ್ನಾ. ಬರದೇ ಇದ್ರೆ?"

"ಬರದೇ ಇರಬಹುದು" ಎಂದಳು. ಇಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಅಲ್ಲಿ ಒಡೆಯಿತು. "ಅದನ್ನೂ ಯೋಚಿಸಿದೀನಿ. ಆದ್ರೆ ಬಂದ್ರೆ, ಇಲ್ಲಿಗೇ ಬರ್ಬೇಕು."

ಹಜಾರಕ್ಕೆ ತೆರೆದುಕೊಂಡಿದ್ದ ಮಲಗುವ ಕೋಣೆಗೆ ಅವಳು ನಡೆದಳು. ಮಂಚ ಬರಬಹುದಾದ ಕಡೆ ಗೋಡೆ ಹಿಡಿದು ನಿಧಾನಕ್ಕೆ ನೆಲದ ಮೇಲೆ ಕುಳಿತಳು.

"ಡ್ವೇನ್, ಹಜಾರದ ಆ ಕಿಟಕಿ ಕೆಳಗೆ, ಸೋಫಾ ಬರೋ ಕಡೆ ಮಲಕ್ಕೋ."

"ಏನು?"

"ಮಲಕ್ಕೋ ಅಂದೆ."

ಅವನು ಬರಿಯ ಕಾರ್ಪೆಟ್ಟಿನ ಮೇಲೆ ಅಂಗಾತ ಮಲಗಿದ. "ಕಾಣ್ತೀನಾ?"

"ಕಾಲಷ್ಟೇ ಕಾಣ್ತಿದೆ. ಈಚೆ ಬಾ."

ಹಿಮ್ಮಡಿ ಒತ್ತಿ ಜರುಗಿದ. "ಈಗ?"

"ಹೊಟ್ಟೆ."

"ಅದು ಪಕ್ಕದ ಊರಿಗೂ ಕಾಣುತ್ತೆ ಬಿಡು" ಎಂದ ಡ್ವೇನ್. ಅವಳು ನಗಲಿಲ್ಲ.

"ಇನ್ನೂ ಸ್ವಲ್ಪ. ಎದೆ ಕಾಣ್ಬೇಕು."

ಡ್ವೇನ್‌ನ ಹಿಮ್ಮಡಿಗಳು ನಿಂತವು. ಆಮೇಲೆ ಇನ್ನೊಂದು ಗೇಣು ಜರುಗಿದ. ಹೊರಗೆ ಟ್ರೇಸಿಯ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

"ಇಷ್ಟು ಸಾಕಾ?"

ಅವಳು ಅವನ ಎದೆಯನ್ನೇ ನೋಡುತ್ತ ಕುಳಿತಳು. ಅವನು ಏಳಲಿಲ್ಲ. ಅಲ್ಲಿಂದಲೂ ಅವಳಿಗೆ ಕಾಣಲೆಂದು, ಮಾಡಿನತ್ತ ಮುಖ ಮಾಡಿ ಮಲಗಿಯೇ, ಉಸಿರನ್ನು ಆದಷ್ಟು ಆಳವಾಗಿ ಎಳೆದು ಬಿಡತೊಡಗಿದ.