ಖಾಲಿಯ ನಕಲು

ಬೀಗ ರಿಪೇರಿಯವನ ಮನೆಯ ಬಟ್ಟೆ ಕಪಾಟಿನ ಕೆಳಗಿನ ಅರೆಯಲ್ಲಿ, ಎರಡು ಇಟ್ಟಿಗೆ ಜೋಡಿಸಿದಷ್ಟು ಗಾತ್ರದ ಕಪ್ಪು ಪೆಟ್ಟಿಗೆಯೊಂದು ಏಳು ವರ್ಷದಿಂದ ಹಗಲಿರುಳೂ ಗುಂಯ್‌ಗುಡುತ್ತಿತ್ತು. ಅದು ಅವನ ಸರ್ವರ್. ಯಾವ ಕಂಪನಿಯ ಸೊತ್ತೂ ಅಲ್ಲದ, ಒಬ್ಬರನ್ನೊಬ್ಬರು ಕಂಡರಿಯದವರೆಲ್ಲ ಕೈಜೋಡಿಸಿ ಬರೆದು ಹಂಚಿದ ಲಿನಕ್ಸ್ ಎಂಬ ತಂತ್ರಾಂಶವನ್ನು ಅದರಲ್ಲಿ ತಾನೇ ಕೂರಿಸಿ, ಮನೆಮಂದಿಯ ಪತ್ರ, ಫೋಟೋ ಎಲ್ಲವನ್ನೂ ಅಲ್ಲೇ ಇಟ್ಟಿದ್ದ. ಊರಿನ ಮುಕ್ಕಾಲು ಬಾಗಿಲು ತೆರೆಯಬಲ್ಲವನಿಗೆ ಯಾರ ಬಾಗಿಲ ಮೇಲೂ ನಂಬಿಕೆ ಇರಲಿಲ್ಲ. ನಮ್ಮ ಸಾಮಾನು ಇನ್ನೊಬ್ಬರ ಉಗ್ರಾಣದಲ್ಲಿ ಯಾಕೆ ಎನ್ನುತ್ತಿದ್ದ. ರೈಲು ಓಡಿಸಿ ನಿವೃತ್ತರಾದ ಭಾವ, ಇವನು ಮೊಟ್ಟೆ ಬೇಕೆಂದರೆ ಮೊದಲು ಕೋಳಿ ಸಾಕುವವರ ಪೈಕಿ ಎಂದು ನಗುತ್ತಿದ್ದರು.

ಎರಡು ವರ್ಷದ ಹಿಂದೆ ಅಕ್ಕನ ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ವೈದ್ಯರು ಹೇಳಿದರು. ಅಕ್ಕ ಶಾಲೆಯಲ್ಲಿ ಟೀಚರು. ತಾಯಿಯ ಬಾಯಿಂದ ಕಲಿತ ಇನ್ನೂರ ಹನ್ನೊಂದು ಪದ್ಯ ಅವಳ ನಾಲಗೆಯ ಮೇಲಿದ್ದವು, ಬಹುಪಾಲು ದೇವರನ್ನು ಕರೆಯುವವೇ. ಚಿಕ್ಕಂದಿನಲ್ಲಿ ಅವಳು ಓದುತ್ತಿದ್ದರೆ ತಮ್ಮ ಗೋಡೆಗೊರಗಿ ಕೇಳುತ್ತಿದ್ದ. ಒಂದನ್ನೂ ಕಲಿಯಲಿಲ್ಲ, ಓದಲು ಅವಳಿದ್ದಾಳಲ್ಲ, ಕೇಳಲು ನಾನು ಎಂದುಕೊಂಡಿದ್ದ. ಆಪರೇಷನ್ನಿಗೆ ಮುಂಚೆ ನಲವತ್ತು ದಿನ, ಕಿಟಕಿಗೆ ಕಂಬಳಿ ಇಳಿಬಿಟ್ಟು, ದಿನಕ್ಕೆ ಐದೋ ಆರೋ ಪದ್ಯದಂತೆ ಅವಳ ದನಿಯನ್ನು ಹಿಡಿದಿಟ್ಟ. ಕೊನೆಕೊನೆಯ ಪದ್ಯಗಳಲ್ಲಿ ಕೆಮ್ಮು ಬಂದಿತ್ತು. ಮತ್ತೆ ಓದುತ್ತೇನೆ ಎಂದಳು. ಇರಲಿ ಬಿಡು ಎಂದಿದ್ದ.

ಆಪರೇಷನ್ ಆದಂದಿನಿಂದ ದಿನಾ ಸಂಜೆ ಆರಕ್ಕೆ ಭಾವ ತಮ್ಮ ಮನೆಯ ಪುಟ್ಟ ಸ್ಪೀಕರಿನ ಗುಂಡಿ ಒತ್ತುವರು. ಅದು ಮೂರು ಬೀದಿಯಾಚೆಯ ಆ ಕಪಾಟಿನಿಂದ ಒಂದು ಪದ್ಯವನ್ನು ತರಿಸಿಕೊಂಡು ನುಡಿಸುವುದು. ಭಾವ ಕಣ್ಣುಮುಚ್ಚಿ ಕೂರುವರು. ಆ ಹೊತ್ತಿಗೆ ಅಕ್ಕ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿರುವಳು.

ಬುಧವಾರ ಸಂಜೆ ಭಾವ ಫೋನು ಮಾಡಿ, ಸ್ಪೀಕರ್ ಬಾಯಿ ಬಿಡುತ್ತಿಲ್ಲ, ನಿನ್ನ ಡಬ್ಬಿಗೆ ಮುನಿಸೇ ಎಂದು ಕೇಳಿದರು. ಅವನು ಕಪಾಟು ತೆರೆದ. ಪೆಟ್ಟಿಗೆ ಗುಂಯ್‌ಗುಡುತ್ತಲೇ ಇತ್ತು. ಪದ್ಯಗಳಿದ್ದ ಕಡೆ ನೋಡಿದರೆ ಏನೂ ಇಲ್ಲ. ಪೆಟ್ಟಿಗೆಯೊಳಗಿನ ಎರಡು ಡಿಸ್ಕುಗಳಲ್ಲಿ ಮೊದಲನೆಯದು ಕೈಕೊಟ್ಟಿದೆ ಎಂದು ತಿಳಿಯಿತು. ಆದರೂ ಗಾಬರಿಯಾಗಲಿಲ್ಲ, ಇಂಥ ದಿನಕ್ಕೆಂದೇ ಎಲ್ಲದರ ನಕಲಿದ್ದ ಎರಡನೆಯದು ಇತ್ತಲ್ಲ. ಅದನ್ನು ತೆರೆದ. ಅದೂ ಖಾಲಿ.

ಏನಾಯಿತೆಂದು ತಿಳಿಯಲು ಯಂತ್ರ ಬರೆದಿಟ್ಟ ದಿನಚರಿಯ ನಾಲ್ಕು ಸಾಲು ಸಾಕಾದವು. ಮೊದಲ ಡಿಸ್ಕು ಹೇಗಿದೆಯೋ ಎರಡನೆಯದೂ ಹಾಗೆಯೇ ಇರಬೇಕು, ಇಲ್ಲಿ ಇಲ್ಲದ್ದು ಅಲ್ಲಿಯೂ ಇರಕೂಡದು ಎಂದು ಅವನೇ ಆಜ್ಞೆ ಬರೆದಿದ್ದ. ದಿನಾ ಮಧ್ಯಾಹ್ನ ಹನ್ನೆರಡೂವರೆಗೆ ಅದು ನಡೆಯುತ್ತಿತ್ತು. ಬುಧವಾರ ಬೆಳಗ್ಗೆ ಕರೆಂಟು ಹೋಗಿ ಬಂದಾಗ ಪೆಟ್ಟಿಗೆ ಎದ್ದಿತು, ಮೊದಲ ಡಿಸ್ಕು ಏಳಲಿಲ್ಲ. ಮಧ್ಯಾಹ್ನ ಯಂತ್ರ ಆ ಜಾಗಕ್ಕೆ ಹೋಗಿ ನೋಡಿತು, ಏನೂ ಇರಲಿಲ್ಲ. ಆ ಏನೂ ಇಲ್ಲದ್ದನ್ನೇ ಶಿರಸಾವಹಿಸಿ ಎರಡನೆಯದಕ್ಕೆ ನಕಲು ಮಾಡಿತು. ಡಿಸ್ಕು ಇದೆಯೋ ಇಲ್ಲವೋ ಮೊದಲು ನೋಡು ಎಂಬ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಸಾಲದ್ದಕ್ಕೆ, ಅಳಿಸಿದ್ದರ ಗುರುತೂ ಕಳ್ಳರಿಗೆ ಸಿಗಬಾರದೆಂದು, ಅಳಿಸಿದ ಜಾಗವನ್ನು ಆಗಿಂದಾಗ ತೊಳೆದಿಡುವ ಏರ್ಪಾಡನ್ನೂ ಅವನೇ ಮಾಡಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಬೇಲಿ ಕಟ್ಟಿದವನು ತಾನೇ.

ಸತ್ತ ಡಿಸ್ಕನ್ನು ಕಂಪ್ಯೂಟರ್ ರಿಪೇರಿಯವನ ಬಳಿಗೆ ಒಯ್ದ. ಅವನು ಬಿಚ್ಚಿ, ತಟ್ಟೆಯ ಮೇಲಿನ ಗೀರನ್ನು ತೋರಿಸಿ, ಇದರಿಂದ ಇನ್ನೇನೂ ಸಿಗದು ಎಂದು ಮುಚ್ಚಳ ಹಾಕಿ ಕೊಟ್ಟ. ದನಿ ಹಿಡಿದಿದ್ದ ಹಳೆಯ ಫೋನು ಎಂದೋ ಗುಜರಿಗೆ ಹೋಗಿತ್ತು. ಮೂರನೆಯ ನಕಲೊಂದು ಬೇರೆ ಮನೆಯಲ್ಲಿರಲಿ ಎಂದು ಲಿನಕ್ಸ್ ಬಳಗದ ಗೆಳೆಯರು ಹೇಳುತ್ತಲೇ ಇದ್ದರು. ಇವನು ನಾಳೆ ನಾಳೆ ಎನ್ನುತ್ತಲೇ ಇದ್ದ.

ಮೂರು ಸಂಜೆ ಭಾವನಿಗೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೇನೋ ಹೇಳಿದ. ಲೈನು ಸರಿಯಿಲ್ಲ ಎಂದ, ಸಾಮಾನು ಬರಬೇಕು ಎಂದ. ಅವಸರವೇನಿಲ್ಲ ಬಿಡು ಎನ್ನುತ್ತಿದ್ದರು ಭಾವ. ಬೆಳಗಿನ ಪ್ರಾರ್ಥನೆಗೆ ಕೂತರೆ ದೇವರ ಮುಂದೆಯೂ ಅದನ್ನೇ ಸುತ್ತಿ ಬಳಸಿ ಹೇಳುತ್ತಿದ್ದೇನೆ ಅನ್ನಿಸಿತು. ಭಾನುವಾರ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಅಕ್ಕ ಬಾಗಿಲು ತೆಗೆದಳು. ಕತ್ತಿಗೆ ತೆಳುವಸ್ತ್ರ ಸುತ್ತಿಕೊಂಡಿದ್ದಳು, ಕೈಯಲ್ಲಿ ಮಾತಿಗೆಂದು ಇಟ್ಟುಕೊಂಡ ನೋಟ್‌ಬುಕ್ಕು. ಭಾವ ಕುರ್ಚಿಯಲ್ಲೇ ಒರಗಿಕೊಂಡು ಕೇಳಿದರು, "ಏನಯ್ಯಾ ಡಾಕ್ಟ್ರೇ, ರೋಗಿ ಹೇಗಿದಾನೆ?"

"ಹೋಗಿಬಿಟ್ಟ, ಭಾವ."

ಭಾವ ನಗಲು ಹೋಗಿ ನಿಲ್ಲಿಸಿದರು. ಅವನು ನಿಂತೇ ಎಲ್ಲ ಹೇಳಿದ. ಕರೆಂಟನ್ನೂ ಡಿಸ್ಕನ್ನೂ ದೂರಲಿಲ್ಲ. ತಾನು ಬರೆದ ಆಜ್ಞೆ, ಬರೆಯದೆ ಬಿಟ್ಟ ಸಾಲು, ಮೂರು ದಿನ ಆಡಿದ ಸುಳ್ಳು, ಅಷ್ಟನ್ನೇ ಹೇಳಿದ. ಭಾವ ಸ್ಪೀಕರಿನ ಕಡೆ ನೋಡಿದರು. ಆಮೇಲೆ ತಮ್ಮ ಅಂಗೈಗಳನ್ನು ನೋಡಿಕೊಂಡರು.

"ಅವಳು ನನ್ನ 'ರೀ' ಅಂತ ಕರೆದಿದ್ದು ಒಂದ್ ಕಡೆ ಬರ್ತಿತ್ತು," ಎಂದರು. "ಎಪ್ಪತ್ನಾಲ್ಕನೇದ್ರಲ್ಲಿ. ಪದ್ಯದ ಮಧ್ಯೆ. ಬಾಗಿಲು ಹಾಕ್ರೀ ಅಂತ."

ಅಕ್ಕ ನೋಟ್‌ಬುಕ್ಕು ತೆರೆದು ಬಹಳ ಹೊತ್ತು ಬರೆದಳು. ಬರೆದದ್ದನ್ನು ಇಬ್ಬರಿಗೂ ಕಾಣುವಂತೆ ಹಿಡಿದಳು. ಅದರಲ್ಲಿ ಹೀಗಿತ್ತು: ನಾನು ಸತ್ತ ಮೇಲೆ ಕೇಳಲಿ ಅಂತ ಓದಿದ್ದು. ನೀವು ನಾನಿರುವಾಗಲೇ ಶುರು ಮಾಡಿದಿರಿ. ದಿನಾ ಆರು ಗಂಟೆಗೆ ನಾನು ಹಿತ್ತಲಿಗೆ ಯಾಕೆ ಹೋಗುತ್ತಿದ್ದೆ ಅಂತ ಒಬ್ಬರೂ ಕೇಳಲಿಲ್ಲ.

ಭಾವ ಎರಡು ಸಲ ಓದಿದರು. ಎದ್ದುಹೋಗಿ ಸ್ಪೀಕರಿನ ತಂತಿಯನ್ನು ಗೋಡೆಯಿಂದ ಕಿತ್ತು, ಮಗುವಿನ ಜಡೆ ಹೆಣೆಯುವಷ್ಟು ನಿಧಾನವಾಗಿ ಅದನ್ನು ಸುತ್ತತೊಡಗಿದರು. ತಮ್ಮನಿಗೆ ಹಗುರಾಗಬೇಕಿತ್ತು, ಆಗಲಿಲ್ಲ. ಎರಡು ವರ್ಷ ತಾನು ಆ ದನಿಯನ್ನು ಕಾಪಾಡಿದ್ದು ಯಾರಿಗಾಗಿ ಎಂದು ಈಗ ಕೇಳಿಕೊಳ್ಳಬೇಕಾಯಿತು. ಅಕ್ಕನ ಭುಜ ಮುಟ್ಟಿ ಹೊರಗೆ ಬಂದ.

ಅವನು ಗೇಟಿನ ಅಗುಳಿಗೆ ಕೈ ಹಾಕಿದಾಗ ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿತು. ಅಕ್ಕ ಒಬ್ಬಳೇ ಬಂದಿದ್ದಳು. ಗಂಡನಿಗೆ ಕಾಣದಂತೆ ನೋಟ್‌ಬುಕ್ಕನ್ನು ಎದೆಗೊತ್ತಿಕೊಂಡು, ಅವನ ಕಡೆಗಷ್ಟೇ ತಿರುಗಿಸಿದಳು. ಎರಡೇ ಪದ.

ಒಂದೂ ಇಲ್ವಾ?

ಅವನು ಅವಳ ಮುಖ ನೋಡಿದ. ಇನ್ನೊಂದು ಸುಳ್ಳಿಗೆ ನಾಲಗೆ ಹೊರಳಲಿಲ್ಲ.

"ಇಲ್ಲ ಅಕ್ಕ."

ಅವಳು ತಲೆಯಾಡಿಸಿದಳು. ಅವನಿಗಾಗಿ ಗೇಟನ್ನು ತಾನೇ ತೆಗೆದಳು.