ಇಪ್ಪತ್ತೊಂದು ಬಳೆ, ಒಂದು ಮೌಸ್

ನನ್ನ ಕೈ ಹದಿನೇಳು ಸೆಂಟಿಮೀಟರ್ ಉದ್ದ, ಎಂಟು ಸೆಂಟಿಮೀಟರ್ ಅಗಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮದುವೆಯಾದ ಮೇಲಿನ ಮೂರು ವಾರದಲ್ಲಿ ಈ ಕೈಯನ್ನು ಅಳೆಯದವರಿಲ್ಲ. ಬಳೆಗಾರ ಅಳೆದ, ನಿಪ್ಪಾಣಿಯ ಕಂಪ್ಯೂಟರ್ ಅಂಗಡಿಯವನು ಅಳೆದ, ನನ್ನ ಗಂಡ ಅಮೋಲ ತನ್ನ ಗೇಣಿನಿಂದ ಅಳೆದ. ಇಷ್ಟೆಲ್ಲ ಅಳೆದು ಒಬ್ಬರೂ ಆ ಕೈಗೆ ಬೇಕಾದದ್ದನ್ನು ಕೊಡಲಿಲ್ಲ.

ನಾನು ದಾನೇಶ್ವರಿ. ತವರು ಚಿಕ್ಕೋಡಿ, ಗಂಡನ ಮನೆ ಭೋಜ. ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತೇನೆ. ನಗುವವರು ಈಗಲೇ ನಕ್ಕು ಮುಗಿಸಿ. ಡಿಪ್ಲೊಮಾ ಓದುವಾಗ ಐದು ಜನ ಸೇರಿ ಕಟ್ಟಿದ ತಂಡ ನಮ್ಮದು. ಸಂಗ್ರಾಮ ನಮ್ಮ ಕ್ಯಾಪ್ಟನ್. ದೂರದ ಗುರಿ ಹೊಡೆಯುವ ಕೆಲಸ ನನ್ನದು, ಆ ಜಾಗ ನನಗೆ ಯಾರೂ ದಾನ ಕೊಟ್ಟಿದ್ದಲ್ಲ. ಮೂರು ವರ್ಷ ಆಡಿ, ಸೋತು, ಹುಡುಗರ ಕುಹಕ ಕೇಳಿ, ಕಡೆಗೆ ಪುಣೆಯ ದೊಡ್ಡ ಪಂದ್ಯಾವಳಿಗೆ ಹೋಗಲು ಒಂದೇ ಒಂದು ಸುತ್ತು ಗೆಲ್ಲುವುದು ಬಾಕಿ ಉಳಿದಿತ್ತು. ಆ ಸುತ್ತನ್ನು ಎಲ್ಲರೂ ಅವರವರ ಮನೆಯಿಂದಲೇ ಆಡುವುದು. ಅದರ ದಿನ ಗೊತ್ತಾದಾಗ ನನ್ನ ಮೇಲೆ ಮದುವೆಯ ಅಕ್ಕಿಕಾಳು ಬಿದ್ದು ನಾಲ್ಕು ದಿನವಾಗಿತ್ತು.

ಗಂಡನ ಮನೆಯವರು ಬೇಡ ಅಂದರೇನೋ ಅಂತ ನೀವು ಅಂದುಕೊಂಡಿರಬಹುದು. ಅಂದಿದ್ದರೆ ಚೆನ್ನಾಗಿತ್ತು, ಜಗಳವಾಡಿ ಗೆದ್ದುಬಿಡುತ್ತಿದ್ದೆ. ಅಮೋಲ ತಾನೇ ನನ್ನ ಕಂಪ್ಯೂಟರನ್ನು ಟ್ರ್ಯಾಕ್ಟರಿನಲ್ಲಿ ಹಾಸಿಗೆ ಸುತ್ತಿ ತಂದಿದ್ದ. ಅತ್ತೆ ಅಕ್ಕವ್ವ ಕಾಳಿನ ಚೀಲಗಳನ್ನು ಸರಿಸಿ ನಡುಮನೆಯಲ್ಲಿ ಅದಕ್ಕೆ ಜಾಗ ಮಾಡಿಕೊಟ್ಟಿದ್ದರು. ತಪ್ಪಿದ್ದು ಒಂದೇ ಕಡೆ, ಬಳೆ ತೊಡಿಸುವಾಗ.

ಈ ಮನೆಗೆ ಬಂದ ಸೊಸೆಗೆ ಕೈಗೆ ಇಪ್ಪತ್ತೊಂದರಂತೆ ಹಸಿರು ಗಾಜಿನ ಬಳೆ ತೊಡಿಸುತ್ತಾರೆ. ಮೊದಲ ಪಂಚಮಿಗೆ ತವರಿಗೆ ಹೋಗುವತನಕ ಅವು ಕೈಯಲ್ಲೇ ಇರಬೇಕು. ಬಳೆಗಾರ ನನ್ನ ಕೈ ಹಿಡಿದು ನೋಡಿ ಸಡಿಲ ಬಳೆಯ ಕಟ್ಟನ್ನು ತೆಗೆದಿದ್ದ. ಅತ್ತೆ ಅದನ್ನು ವಾಪಸು ಇಡಿಸಿದರು.

"ಸಡ್ಲ ಬಳಿ ಯಾಕೋ? ಒಂದ ನಂಬರ ಸಣ್ಣವು ತಗಿ. ಕೈಯಾಗ ಗಚ್ಚ ಕುಂದ್ರಬೇಕ. ನನ್ನ ಸೊಸಿ ಕೈ ಹೂವಿನಂಥಾವು."

ನನ್ನ ಕೈ ಹೂವಿನಂಥವಲ್ಲ. ಆದರೂ ಹತ್ತು ಹೆಂಗಸರ ಮುಂದೆ ಹೊಗಳಿಸಿಕೊಂಡು ಉಬ್ಬಿದೆ, ಬಾಯಿ ಮುಚ್ಚಿಕೊಂಡು ಕೂತೆ. ಬಳೆಗಾರ ಸಾಬೂನು ಹಚ್ಚಿ, ಹೆಬ್ಬೆರಳು ಮಡಚಿ, ಕಣ್ಣಲ್ಲಿ ನೀರು ಬರುವಂತೆ ಒಂದೊಂದನ್ನೇ ಏರಿಸಿದ. ಹೀಗೆ ಏರಿದ ಬಳೆ ಹಾಗೆಯೇ ಇಳಿಯುವುದಿಲ್ಲ. ಒಡೆದೇ ತೆಗೆಯಬೇಕು.

ಮರುದಿನ ಆಡಲು ಕೂತಾಗ ತೊಂದರೆ ಗೊತ್ತಾಯಿತು. ನಾನು ಮೌಸನ್ನು ಅಂಗೈ ಪೂರ್ತಿ ಅದರ ಮೇಲೆ ಮಲಗಿಸಿ ಹಿಡಿಯುವವಳು. ಮಣಿಕಟ್ಟು ಮೇಜಿಗೆ ಒರಗಿರಬೇಕು. ಈಗ ಅಲ್ಲಿ ಗಾಜಿನ ಗೋಡೆ ನಿಂತಿತ್ತು. ಕೈ ಇಟ್ಟರೆ ಬಳೆಗಳು ಮೇಜಿಗೂ ಮೂಳೆಗೂ ನಡುವೆ ಸಿಕ್ಕು ಮಾಂಸ ಹಿಂಡುತ್ತಿದ್ದವು. ಎತ್ತಿದರೆ ಕೈ ಗಾಳಿಯಲ್ಲಿ ನಡುಗಿ, ಎದುರಾಳಿಯ ಹಣೆಗೆ ಇಟ್ಟ ಗುರಿ ಪಕ್ಕದ ಗೋಡೆಗೆ ಬೀಳುತ್ತಿತ್ತು. ಮೇಲಕ್ಕೆ ಸರಿಸಿ ಅರಿವೆ ಕಟ್ಟಿ ನೋಡಿದೆ. ಹತ್ತು ನಿಮಿಷಕ್ಕೆ ಬೆರಳು ಜೋಮು ಹಿಡಿದವು.

"ಮೌಸ್ ಬದಲಿ ಮಾಡೋಣ ತಗೋ," ಎಂದ ಅಮೋಲ, ಧೈರ್ಯ ಹೇಳುವವನಂತೆ. "ಅದಕ್ಕ್ಯಾಕ ಇಷ್ಟ ತಲಿ ಕೆಡಿಸ್ಕೋತಿ?"

ಅಂದು ಸಂಜೆಯೇ ನಿಪ್ಪಾಣಿಗೆ ಹೋಗಿ ತಂದೇಬಿಟ್ಟ. ಏಳು ಬಣ್ಣದ ದೀಪ ಮಿಣುಕುವ, ಅಂಗೈ ತುಂಬಿ ಹೊರಗೆ ಉಕ್ಕುವ ಒಂದು ದಪ್ಪನೆಯ ಮೌಸ್. ನನ್ನ ಬೆರಳು ಬಟನ್ನಿನ ಅರ್ಧಕ್ಕೂ ಮುಟ್ಟಲಿಲ್ಲ.

"ಎತ್ತಿ ನೋಡು, ಹೆಂಥಾ ವಜ್ಜಾ ಐತಿ! ಹಗರದ್ದು ತಗೊಂಡ್ರ ಬಾಳಿಕಿ ಬರೂದಿಲ್ಲ."

"ಇದೇನ ತಾಮ್ರದ ಹಂಡೆ ಏನ್ರಿ, ವಜ್ಜಾ ನೋಡಿ ತರಾಕ?" ಎಂದು ಹರಿಹಾಯ್ದೆ. "ಯಾರ ಕೈಯಿಂದ ನೋಡಿ ತಂದ್ರಿ?"

"ನನ್ನ ಕೈಯಿಂದ," ಎಂದ, ಸಣ್ಣ ದನಿಯಲ್ಲಿ. ಹೊಸ ಹೆಂಡತಿಯ ಬಾಯಿ ಎಷ್ಟು ಉದ್ದ ಎಂದು ಅವನಿಗೂ ಆಗಲೇ ಗೊತ್ತಾಗಿದ್ದು.

ಮಾರನೆಯ ದಿನ ನಾನೂ ಜೊತೆಗೆ ಹೋದೆ. ಅಂಗಡಿಯ ಧರಣೇಂದ್ರ ಒಳ್ಳೆಯವನು. ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಕೂರಿಸಿ, ಚಹಾ ತರಿಸಿ, ಒಂದು ಪಟ್ಟಿ ಹಿಡಿದು ನನ್ನ ಕೈ ಅಳೆದ. ಆಮೇಲೆ ಬಳೆಗಳನ್ನು ನೋಡಿ ತಲೆ ಕೆರೆದುಕೊಂಡ.

"ಐಕಾ ವೈನೀ, ಕೇಳ್ರಿ. ಮೌಸ್ ಹಿಡಿಯೂದ ಮೂರ ನಮೂನಿ ನೋಡ್ರಿ. ಪೂರ್ತಿ ಅಂಗೈ ಇಡೂದ ಒಂದ, ಉಗರ ಚಾಚಿದಂಗ ಬೆರಳ ಬಗ್ಗಿಸಿ ಹಿಡಿಯೂದ ಒಂದ, ಬರೇ ಬೆರಳತುದೀಲೆ ಹಿಡಿಯೂದ ಒಂದ. ನೀವ ಅಂಗೈಯಾವ್ರ. ಈ ಬಳಿ ಇರೂತನಕಾ ಅದ ಆಗೂದಿಲ್ಲ. ಬೆರಳತುದೀಗೆ ಬರ್ರಿ. ಅದಕ್ಕ ಸಣ್ಣದು, ಹಗರದು, ಗುಬ್ಬಿಮರಿ ಹಂಗ ಇರಬೇಕ್ರಿ."

"ಐತೇನ್ರಿ ನಿಮ್ಮ ಹತ್ರ?"

"ಇಲ್ರಿ. ಕೊಲ್ಹಾಪುರದಾಗ ನಮ್ಮ ದೋಸ್ತನ ಅಂಗಡಿಗೆ ಬರೂದ ಐತಿ. ಐತವಾರ ಮುಂಜಾನೆ ಸಿಕ್ಕೀತು."

ಭಾನುವಾರ ಮೂರು ಗಂಟೆಗೆ ನನ್ನ ಸುತ್ತು. ಎರಡೂ ನಲವತ್ತರೊಳಗೆ ಆಡುವವರ ಹೆಸರು ಕೊಡಬೇಕು. ಆದರೂ ಬೇರೆ ದಾರಿ ಇರಲಿಲ್ಲ. ಅಲ್ಲಿಯತನಕ ಮಣಿಕಟ್ಟಿನ ಕೆಳಗೆ ಇಟ್ಟುಕೊಳ್ಳಲು ಧರಣೇಂದ್ರ ಒಂದು ಮೆತ್ತೆ ಕೊಟ್ಟ. ಬಳೆಗಳು ಅದರೊಳಗೆ ಹೂತುಹೋಗಿ ಇನ್ನಷ್ಟು ಬಿಗಿಯಾಗಿ ಕಚ್ಚಿದವು.

ಬೆರಳತುದಿಯಲ್ಲಿ ಹಿಡಿಯುವುದನ್ನು ಒಂದು ವಾರದಲ್ಲಿ ಕಲಿಯಲು ಹೋದೆ, ಅದೂ ನನ್ನ ಹಳೆಯ ದೊಡ್ಡ ಮೌಸಿನಲ್ಲಿ. ಅತ್ತೆ ಹಿಂದೆ ನಿಂತು ನೋಡುತ್ತಿದ್ದರು.

"ಇಷ್ಟ ದಿನಾ ಮುಷ್ಟೀಲೆ ಹಿಂಡತಿದ್ದಿ. ಈಗ ಚಿಮಟೀಲೆ ಹಿಂಡಾಕ ಹೊಂಟಿ. ಎಮ್ಮಿ ಸುದ್ದಾ ಒದೀತೈತವ್ವ ಹಿಂಗ ಮಾಡಿದ್ರ," ಎಂದರು.

ನಗು ಬಂತು, ಸಿಟ್ಟೂ ಬಂತು. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹತ್ತಕ್ಕೆ ಎಂಟು ಹೊಡೆಯುತ್ತಿದ್ದವಳು ಹತ್ತಕ್ಕೆ ಮೂರಕ್ಕೆ ಬಂದೆ. ಶುಕ್ರವಾರ ಸಂಗ್ರಾಮ ಫೋನು ಮಾಡಿದ.

"ದಾನು, ಸಿಟ್ಟ ಆಗಬ್ಯಾಡ. ದುಂಡೇಶಗ ತಯಾರ ಇರು ಅಂತ ಹೇಳೇನಿ. ನೀ ಆಡತಿ ಅಂದ್ರ ನೀನ. ಆದ್ರ ಈ ಸುತ್ತ ಯಾರ ಆಡತಾರೋ ಅವರ ಪುಣೇಕ್ಕ ಹೋಗೂದು. ನಿಯಮ ಐತಿ."

ದುಂಡೇಶ ನಮ್ಮ ಆರನೆಯವನು, ಮೂರು ವರ್ಷ ಬರೀ ಚಪ್ಪಾಳೆ ತಟ್ಟಿದವನು. ಅವನ ಮೇಲೆ ನನಗೇನೂ ದ್ವೇಷವಿಲ್ಲ. ಆದರೂ ಅಂದು ಮೈಯೆಲ್ಲ ಉರಿಯಿತು. ಆ ಸಿಟ್ಟಿನಲ್ಲೇ ಅಮೋಲನ ಮುಂದೆ ಹೇಳಿದೆ, "ಒಡದ್ರ ಏನಾಗತೈತ್ರಿ? ಮುಗಲ ಹರದ ಬೀಳತೈತೇನ?"

"ಒಡದ ಬಿಡು," ಎಂದ ಅವನು. "ನನಗೇನ ಅದರಾಗ ನಂಬಿಕಿ ಇಲ್ಲ. ಆದ್ರ ಅವ್ವಗ..."

ಗಾಜಿನ ಬಳೆ ತಾನಾಗಿ ಒಡೆದರೆ ಬೇರೆ. ಕಲ್ಲಿನಿಂದ ಬಡಿದು ಒಡೆಯುವುದು ಗಂಡ ಸತ್ತ ದಿನ ಮಾತ್ರ. ಇದನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳುವ ಗರಜೂ ಇಲ್ಲ. ಅತ್ತೆ ಒಲೆಯ ಮುಂದೆ ಕೂತಿದ್ದರು. ನಾವಾಡಿದ್ದೆಲ್ಲ ಅವರ ಕಿವಿಗೆ ಬಿತ್ತು. ರೊಟ್ಟಿ ಬಡಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಮೋಲ ಮೌಸ್ ತರಲು ಕೊಲ್ಹಾಪುರಕ್ಕೆ ಬೈಕು ಹತ್ತಿದ. "ಹನ್ನೆರಡೂವರೆಗೆ ಇಲ್ಲೇ ಇರ್ತೀನಿ," ಎಂದು ಹೇಳಿ ಹೋದವನು ಒಂದೂವರೆಯಾದರೂ ಬರಲಿಲ್ಲ. ಎರಡಾಯಿತು. ನಾನು ಹಳೆಯ ಮೌಸಿನಲ್ಲೇ ಕೈ ಪಳಗಿಸುತ್ತ, ಎಲ್ಲರನ್ನೂ ಮನಸ್ಸಿನಲ್ಲೇ ಬೈಯುತ್ತ ಕೂತಿದ್ದೆ. ಅತ್ತೆ ಮಜ್ಜಿಗೆ ತಂದವರು ನನ್ನ ಮುಂಗೈ ಹಿಡಿದು ಬೆಳಕಿಗೆ ತಿರುಗಿಸಿದರು. ಬಳೆಗಳ ಕೆಳಗೆ ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು.

"ಅಯ್ಯ ಶಿವನ! ಯಾಕವ್ವ ಹೇಳಲಿಲ್ಲ? ಇದು ನಿನಗ ಅಷ್ಟ ಬೇಕೇನ?"

"ಬೇಕ್ರಿ ಅತ್ತಿ," ಎಂದೆ. "ಇದೊಂದ ನಾನಾಗಿ ಗಳಿಸಿದ್ದು."

ಅವರು ಅಡುಗೆಮನೆಗೆ ಹೋಗಿ, ಶುಂಠಿ ಜಜ್ಜುವ ಸಣ್ಣ ಕಲ್ಲು ಮತ್ತು ಒಂದು ಟಾವೆಲ್ಲು ತಂದು ಮೇಜಿನ ಮೇಲಿಟ್ಟರು.

"ಬಲಗೈಯಾವು ತಗದ ಬಿಡು. ಎಡಗೈಯಾಗ ಇರ್ತಾವಲಾ. ದೇವರಿಗೆ ಒಂದ ಕೈ ಸಾಕು," ಎಂದರು. "ನಾ ನೋಡಾಂಗಿಲ್ಲವ್ವ. ಎಮ್ಮಿ ಕಡೆ ಹೋಗ್ತೀನಿ."

ಅವರು ಹೋದರು. ಎರಡೂ ಹತ್ತಾಗಿತ್ತು. ಟಾವೆಲ್ಲನ್ನು ಮಡಿಸಿ ಅದರ ಮೇಲೆ ಬಲಗೈ ಇಟ್ಟೆ, ಎಡಗೈಯಲ್ಲಿ ಕಲ್ಲು ಹಿಡಿದೆ. ಒಂದೇ ಏಟು. ಎರಡು ನಿಮಿಷದ ಕೆಲಸ. ಕಲ್ಲು ಎತ್ತಿದೆ. ಆಗ ತಲೆಯೊಳಗೆ ಬಂದದ್ದು ಪುಣೆಯಲ್ಲ, ಸಂಗ್ರಾಮನಲ್ಲ. ಹೈವೇ ಮೇಲೆ ಬರುತ್ತಿರುವ ಅಮೋಲನ ಬೈಕು.

ಥೂ, ಹುಚ್ಚಿ, ಎಂದು ನನ್ನನ್ನೇ ಬೈದುಕೊಂಡೆ. ಅವನ ದನಿ ಒಮ್ಮೆ ಕೇಳಿಬಿಟ್ಟರೆ ಸಾಕು, ಒಡೆಯುತ್ತೇನೆ ಎಂದು ಫೋನು ಹಚ್ಚಿದೆ. ಎತ್ತಲಿಲ್ಲ. ಬೈಕಿನ ಮೇಲಿದ್ದಾನೆ, ಹೇಗೆ ಎತ್ತುತ್ತಾನೆ? ಮತ್ತೆ ಹಚ್ಚಿದೆ. ಐದು ಸಲ, ಏಳು ಸಲ. ರಿಂಗಾದಷ್ಟೂ ಕಣ್ಣ ಮುಂದೆ ಲಾರಿಗಳು ಕಂಡವು. ರಸ್ತೆಯ ಬದಿಯಲ್ಲಿ ಸೇರಿದ ಮಂದಿ ಕಂಡರು. ಮಂಗಳವಾರ ಎಣ್ಣೆ ಹಚ್ಚಬೇಡ ಅಂದ ಅಜ್ಜಿಗೆ ಬೇಕಂತಲೇ ಹಚ್ಚಿ ತೋರಿಸಿದ್ದವಳು ನಾನು. ಆ ನಾನು ಎಲ್ಲಿ ಹೋಗಿದ್ದೆನೋ. ಕಲ್ಲು ಎತ್ತುತ್ತೇನೆ, ಕೈ ಬರುವುದಿಲ್ಲ. ಕೆಳಗಿಡುತ್ತೇನೆ, ಗಡಿಯಾರ ನಿಲ್ಲುವುದಿಲ್ಲ.

ಎರಡೂ ಮೂವತ್ತೈದಕ್ಕೆ ಸಂಗ್ರಾಮನ ಫೋನು. "ದಾನು, ಹೆಸರ ಹಾಕಲೇನ? ಆಡತಿಯಿಲ್ಲೋ?"

"ಎರಡ ನಿಮಿಷ ಸಂಗ್ಯಾ. ಎರಡ ನಿಮಿಷ," ಎಂದೆ. ಮತ್ತೆ ಅಮೋಲನಿಗೆ ಹಚ್ಚಿದೆ. ಹನ್ನೊಂದನೆಯ ಸಲ. ಎರಡೂ ನಲವತ್ತಕ್ಕೆ ಪರದೆಯ ಮೇಲೆ ಐದು ಹೆಸರು ಬಂದವು. ಕೊನೆಯದು ದುಂಡೇಶನದು.

ಅವರು ಗೆದ್ದರು. ಸೋಲಲಿ ಅಂದುಕೊಂಡಿದ್ದೆ, ಸುಳ್ಳೇಕೆ ಹೇಳಲಿ. ಗೆದ್ದ ಮೇಲೆ ಸಂಗ್ರಾಮ ಪಾಪ, ನನಗೇ ಮೊದಲು ಫೋನು ಮಾಡಿ, "ಕೈ ಜ್ವಾಕಿ ಮಾಡ್ಕೋ. ಮುಂದಿನ ವರ್ಷ ನೋಡೋಣ," ಎಂದ. ಹೂಂ ಎಂದೆ. ಮುಂದಿನ ವರ್ಷ ದುಂಡೇಶ ತನ್ನ ಜಾಗ ಬಿಟ್ಟುಕೊಡುತ್ತಾನೆಯೇ? ನಾನಾದರೂ ಬಿಟ್ಟುಕೊಡುತ್ತಿದ್ದೆನೇ?

ನಾಲ್ಕೂವರೆಗೆ ಅಮೋಲ ಬಂದ. ಧೂಳು ಹಿಡಿದ ಮುಖ, ಕೈಯಲ್ಲಿ ಸಣ್ಣ ಡಬ್ಬಿ. ಜೀವಂತವಾಗಿ, ಎರಡು ಕಾಲಿನ ಮೇಲೆ ನಿಂತಿದ್ದ. ನನಗೆ ಅಲ್ಲೇ ಕುಸಿದು ಅಳಬೇಕೆನಿಸಿತು, ಅವನಿಗೆ ಎರಡು ಬಾರಿಸಬೇಕೆಂದೂ ಅನಿಸಿತು.

"ಫೋನ್ ಯಾಕ ಎತ್ತಲಿಲ್ರಿ?"

"ಡಿಕ್ಕಿಯಾಗ ಇಟ್ಟಿದ್ನಿ. ಕೊಲ್ಹಾಪುರದಂವಾ ಅಂಗಡಿ ತಗದಿದ್ದ ಒಂದಕ್ಕ. ಅದರ ಮ್ಯಾಲ ದಾರ್‍ಯಾಗ ಟೈರ ಪಂಚರ. ಆಟಾ ಏನಾತು?" ಎಂದವನ ಕಣ್ಣು ಮೇಜಿನ ಮೇಲೆ ಹೋಯಿತು. ಕಲ್ಲು, ಟಾವೆಲ್ಲು, ನನ್ನ ಕೈಯಲ್ಲಿ ಇಪ್ಪತ್ತೊಂದೂ ಬಳೆ. "ಆಡಲಿಲ್ಲ? ಕಲ್ಲ ತಂದಿಟ್ಕೊಂಡ ಯಾಕ ಒಡೀಲಿಲ್ಲ? ನಾ ಹೇಳಿದ್ನಿಲ್ಲ ಒಡಿ ಅಂತ?"

ಏನು ಹೇಳಲಿ? ನೀನು ಸಾಯುತ್ತೀ ಅಂತ ಹೆದರಿದೆ ಎನ್ನಲೇ? ಮುಗಿಲು ಹರಿದು ಬೀಳುತ್ತದೆಯೇ ಎಂದು ಕೇಳಿದ್ದ ಇದೇ ಬಾಯಿಂದ? ಆ ಮಾತು ನಾಲಿಗೆಯ ತನಕವೂ ಬರಲಿಲ್ಲ. ಬಂದದ್ದು ಬೇರೆಯದು.

"ಅತ್ತಿ ಬ್ಯಾಡಂದ್ರು."

ಹೇಳಿ ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಹಾಲಿನ ಚರಿಗೆ. ಅಮೋಲ ಅವರ ಕಡೆ ತಿರುಗಿ ಕೂಗಾಡಿದ. "ಯವ್ವಾ, ಮೂರ ವರ್ಷದ್ದು ಹಾಳ ಮಾಡಿದೆಲಾ ಬೇ! ಬಳಿ ದೊಡ್ಡದಾತೇನ ನಿನಗ?"

ಅತ್ತೆ ನನ್ನ ಮುಖ ನೋಡಿದರು. ಚರಿಗೆಯನ್ನು ಕೆಳಗಿಟ್ಟರು.

"ಹೌದಪಾ, ನಾನ ಬ್ಯಾಡಂದೆ. ಮುದುಕಿ, ನನಗೇನ ತಿಳೀತೈತಿ," ಎಂದರು.

ಅಮೋಲ ಡಬ್ಬಿಯನ್ನು ಮೇಜಿನ ಮೇಲೆ ಎಸೆದು ಹೊರಗೆ ಹೋದ. ಅತ್ತೆ ಎಣ್ಣೆ, ಅರಿಷಿಣ ತಂದು ನನ್ನ ಮುಂದೆ ಕೂತರು. ಬಳೆಗಳನ್ನು ಒಂದೊಂದಾಗಿ ಸರಿಸಿ, ಕೆಳಗಿನ ಗಾಯಕ್ಕೆ ಬೆರಳತುದಿಯಿಂದ ಹಚ್ಚತೊಡಗಿದರು.

"ನೀ ಎಲ್ಲಿ ಒಡೀತಿಯೋ ಅಂತ ನಾನೂ ಕಿವಿ ಮುಚ್ಕೊಂಡ ಎಮ್ಮಿ ಹತ್ರ ಕುಂತಿದ್ನವ್ವ," ಎಂದರು ಮೆಲ್ಲಗೆ. "ಅಂವಗ ಹೇಳಬ್ಯಾಡ. ನಗತಾನ."

ನಿಜ ಹೇಳಿಬಿಡಬೇಕೆಂದು ಎದ್ದು ಬಾಗಿಲ ತನಕ ಹೋದೆ. ಅಂಗಳದಲ್ಲಿ ಅಮೋಲ ಪಕ್ಕದ ಮನೆಯವರೆದುರು ತನ್ನ ಅವ್ವನನ್ನೇ ಇನ್ನೂ ಬೈಯುತ್ತಿದ್ದ. ಬಾಗಿಲ ಚೌಕಟ್ಟು ಹಿಡಿದು ನಿಂತು ಎಲ್ಲವನ್ನೂ ಕೇಳಿದೆ. ಆಮೇಲೆ ಒಳಗೆ ಬಂದು ಅತ್ತೆಯ ಮುಂದೆ ಮತ್ತೆ ಕೈ ಚಾಚಿ ಕೂತೆ.